ಮುಖಪುಟದಲ್ಲಿ ಮೊದಲು ಯಾರು

ನಾನು ವೆಬ್‌ಸೈಟ್ ಮಾಡುತ್ತೇನೆ ಎಂದರೆ ನಮ್ಮ ಸುರಪುರದಲ್ಲಿ ಜನ ತಲೆಯಾಡಿಸಿ, ಸ್ವಲ್ಪ ಹೊತ್ತು ಬಿಟ್ಟು, 'ಅದಿರ್ಲಿ, ಕೆಲ್ಸ ಏನ್ ಮಾಡ್ತಿ?' ಎಂದು ಕೇಳುತ್ತಾರೆ. ಕೇಳುವವರ ತಪ್ಪಲ್ಲ. ಶಹಾಪುರದ ಬಸ್‌ಸ್ಟ್ಯಾಂಡಿನ ಎದುರು, ಝೆರಾಕ್ಸ್ ಅಂಗಡಿಯ ಮೇಲಿನ ಖೋಲಿಯಲ್ಲಿ ದಿನವಿಡೀ ಕುಳಿತು ನಾನು ಮಾಡುವುದೇನು ಎಂಬುದು ನನಗೂ ಎಷ್ಟೋ ಸಲ ತಿಳಿಯುವುದಿಲ್ಲ. ಒಂದು ಬಟನ್ ಒತ್ತುತ್ತೇನೆ, ಎಲ್ಲೋ ಏನೋ ಬದಲಾಗುತ್ತದೆ. ಒತ್ತಿದ್ದರಿಂದ ಬದಲಾಯಿತೋ, ಒತ್ತಿದರೂ ಬದಲಾಯಿತೋ ಎಂದು ಚಹಾ ಕುಡಿಯುತ್ತ ವಿಚಾರ ಮಾಡುತ್ತೇನೆ.

ನನಗೆ ನೆಟ್ಟಗೆ ಬರುವ ವಿದ್ಯೆ ಬೇರೆ. ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ಸಂಜೆಯ ಹೊತ್ತಿಗೆ ಅದು ನನ್ನ ಗಂಟಲಲ್ಲಿರುತ್ತದೆ. ಯಾದಗಿರಿ ಬಸ್ಸಿನ ಕಂಡಕ್ಟರು ಮೂಗಿನಿಂದ ಕೂಗುವುದು, ನಮ್ಮವ್ವ ಪಕ್ಕದ ಮನೆಯವರಿಗೆ ಕೇಳಲಿ ಎಂದೇ ನನ್ನನ್ನು ಬಯ್ಯುವುದು, ಸರ್ವರ್ ಕಂಪನಿಯ ಸಹಾಯವಾಣಿಯ ಹುಡುಗಿ ಏನನ್ನೂ ಸರಿಮಾಡದೆ ನಾಲ್ಕು ಸಲ ಧನ್ಯವಾದ ಹೇಳುವುದು. ಅರ್ಥವಾಗದ ವಿಷಯವನ್ನು ಗಿರಾಕಿಗೆ ವಿವರಿಸಬೇಕಾಗಿ ಬಂದಾಗ ನಾನು ಯಾವುದೋ ದೊಡ್ಡ ಎಂಜಿನಿಯರನ ದನಿಯಲ್ಲಿ ಮಾತಾಡುತ್ತೇನೆ. ಗಿರಾಕಿ ಪೂರ್ತಿ ನಂಬುತ್ತಾನೆ. ನಾನು ಅರ್ಧ ನಂಬುತ್ತೇನೆ.

ನಮ್ಮಲ್ಲಿ ತಯಾರಾಗುವ ಸೈಟುಗಳೆಲ್ಲ ನಡೆಯುವುದು ಸಿಎಮ್ಮೆಸ್ ಎಂಬ ಒಂದು ಏರ್ಪಾಡಿನ ಮೇಲೆ. ಬಾಡಿಗೆಯ ಶಾಮಿಯಾನ ಇದ್ದಂತೆ ಅದು. ಕಂಬ, ಪರದೆ, ಕುರ್ಚಿ ಎಲ್ಲ ತಯಾರಿರುತ್ತವೆ, ತಂದು ಕಟ್ಟಿದರಾಯಿತು. ಒಂದು ಪುಟ ಬರೆದು ಡ್ರಾಫ್ಟ್ ಎಂದು ಇಟ್ಟರೆ ನಮಗಷ್ಟೇ ಕಾಣುತ್ತದೆ, ಪಬ್ಲಿಶ್ ಒತ್ತಿದರೆ ಊರಿಗೆಲ್ಲ ಕಾಣುತ್ತದೆ. ಅರ್ಜಿ ತುಂಬಿಸಿಕೊಳ್ಳಬೇಕೆ, ಫೋಟೊ ಓಡಿಸಬೇಕೆ, ಒಂದೊಂದಕ್ಕೂ ಪ್ಲಗಿನ್ ಎಂಬ ಜೋಡಣೆ ಸಿಗುತ್ತದೆ. ತೊಂದರೆ ಇರುವುದು ಹಗ್ಗಗಳಲ್ಲಿ. ಯಾವ ಹಗ್ಗ ಯಾವ ಕಂಬಕ್ಕೆ ಎಂದು ಕಟ್ಟಿದವನು ಹೇಳಿರುವುದಿಲ್ಲ. ಈ ಕಡೆ ಪರದೆ ಜಗ್ಗಿದರೆ ಆ ಕಡೆ ಅಡುಗೆಯವರ ತಲೆಯ ಮೇಲೆ ಶಾಮಿಯಾನ ಕುಳಿತಿರುತ್ತದೆ.

ಹತ್ತನೆಯ ತರಗತಿಯ ಫಲಿತಾಂಶ ಬಂದ ವಾರ ಹುಡುಗಿಯರ ಪಿಯು ಕಾಲೇಜಿನ ಕೆಮಿಸ್ಟ್ರಿ ಮೇಡಂ ನನ್ನ ಖೋಲಿಯ ಮೆಟ್ಟಿಲು ಹತ್ತಿ ಬಂದರು. ದಿನಾ ವಡಗೇರಾದಿಂದ ಬಸ್ಸಿನಲ್ಲಿ ಬಂದು ಹೋಗುವವರು. ಬಂದವರೇ ಪೀಠಿಕೆ ಇಲ್ಲದೆ ಹೇಳಿದರು.

"ತಮ್ಮಾ, ಈ ಸಲ ಸೈನ್ಸ್ ಸೆಕ್ಷನ್ ತುಂಬ್ಲಿಲ್ಲಂದ್ರ ಮುಚ್ಚತಾರ. ಮುಚ್ಚಿದ್ರ ನಮ್ಮ ಕಡಿ ಹುಡುಗ್ಯಾರು ಯಾದಗಿರಿಗೆ ಹೋಗಂಗಿಲ್ಲ. ಮನ್ಯಾಗ ಕೂಡ್ತಾವ."

ಹಳ್ಳಿಯ ಹುಡುಗಿಗೆ ಪ್ರವೇಶ ಬೇಕೆಂದರೆ ಅಪ್ಪ ಒಮ್ಮೆ ಅರ್ಜಿ ಒಯ್ಯಲು, ಇನ್ನೊಮ್ಮೆ ಕೊಡಲು ಶಹಾಪುರಕ್ಕೆ ಬರಬೇಕು. ಬಿತ್ತನೆಯ ತಯಾರಿಯ ದಿನಗಳಲ್ಲಿ ಯಾವ ಅಪ್ಪನೂ ಎರಡು ಸಲ ಬರುವುದಿಲ್ಲ. ಮೊಬೈಲಿನಲ್ಲೇ ಅರ್ಜಿ ತುಂಬುವಂತಾದರೆ ಅಪ್ಪ ಹೊಲದಲ್ಲೇ ಇರಬಹುದು, ಮಗಳು ಕಾಲೇಜಿಗೆ ಬರಬಹುದು. ಮೇಡಮ್ಮರ ಲೆಕ್ಕ ಇಷ್ಟು ಸರಳವಾಗಿತ್ತು. ನಾನು ಎಂಜಿನಿಯರನ ದನಿಯಲ್ಲಿ, ಎರಡು ದಿನದ ಕೆಲಸ ಎಂದೆ.

ಅರ್ಜಿ ಎರಡು ದಿನದಲ್ಲಿ ತಯಾರಾಯಿತು, ಅದು ನಿಜ. ಆದರೆ ಕಾಲೇಜು ನಡೆಸುವ ಟ್ರಸ್ಟಿಗೆ ಮೂವರು ಹಿರಿಯರಿದ್ದರು. ಮಂಡಿಯಲ್ಲಿ ಭತ್ತ, ಹತ್ತಿ ವ್ಯಾಪಾರದ ಸಾಹುಕಾರರು ಅಧ್ಯಕ್ಷರು. ಕಾಲೇಜಿಗೆ ಜಾಗ ಕೊಟ್ಟ ಗೌಡರು ಉಪಾಧ್ಯಕ್ಷರು. ನಿವೃತ್ತ ಮಾಸ್ತರರು ಕಾರ್ಯದರ್ಶಿ. ಸೈಟಿನ ಮುಖಪುಟದಲ್ಲಿ ಮೂವರ ಫೋಟೊ ಇರಬೇಕು, ಮೂವರೂ ನೋಡಿ ಹೂಂ ಅಂದ ಮೇಲೆಯೇ ಸೈಟು ಊರಿಗೆ ಕಾಣಬೇಕು ಎಂದು ಠರಾವಾಗಿತ್ತು. ಫೋಟೊ ತಾನೆ, ಹಾಕಿದರಾಯಿತು ಎಂದುಕೊಂಡೆ. ಎಷ್ಟು ಶಾಣ್ಯಾ ನೋಡಿ ನಾನು.

ಮೂವರೂ ಬೇರೆಬೇರೆಯಾಗಿ ಫೋನು ಮಾಡಿದರು. ಸಾಹುಕಾರರು ಗಂಟಲು ಕೆರೆದು, ತಮ್ಮ ಫೋಟೊ ಕೊನೆಗೆ ಹಾಕಿದರೂ ನಡೆಯುತ್ತದೆ, ಜಾಗ ಕೊಟ್ಟ ಗೌಡರದು ಮೊದಲಿರಲಿ ಎಂದರು. ಗೌಡರು ತಾವೇನು ಓದಿದವರಲ್ಲ, ಮಾಸ್ತರದು ಮೊದಲು ಹಾಕು ಎಂದರು. ಮಾಸ್ತರರು ವ್ಯಾಕರಣಶುದ್ಧವಾಗಿ, ಅಧ್ಯಕ್ಷರಿಗೇ ಅಗ್ರಸ್ಥಾನ ಸಲ್ಲತಕ್ಕದ್ದು ಎಂದರು. ಮೂವರ ದನಿಯನ್ನೂ ಒಂದೇ ಸಂಜೆಯಲ್ಲಿ ಕಲಿತು ಚಹಾದಂಗಡಿಯಲ್ಲಿ ಒಪ್ಪಿಸಿ ಶಹಬ್ಬಾಸ್ ಅನ್ನಿಸಿಕೊಂಡೆ. ದನಿ ಸಿಕ್ಕಿತ್ತು, ಮಾತಿನ ಅರ್ಥ ಸಿಕ್ಕಿರಲಿಲ್ಲ.

ನಮ್ಮ ಕಡೆ ವೇದಿಕೆ ಹತ್ತುವುದಕ್ಕೆ ಒಂದು ರಿವಾಜು ಇದೆ. ಮೊದಲ ಕುರ್ಚಿ ತೋರಿಸಿದರೆ ಹಿರಿಯರು, 'ಏ, ನಮ್ದೇನ್ರಿ, ಅವ್ರು ಕೂಡ್ಲಿ' ಎಂದು ಹಿಂದೆ ಸರಿಯಬೇಕು. ಸರಿದವರನ್ನು ಯಾರಾದರೂ ತೋಳು ಹಿಡಿದು ಎಳೆದು ತಂದು ಅದೇ ಕುರ್ಚಿಯಲ್ಲಿ ಕೂರಿಸಬೇಕು. ಎಳೆಯುವವನು ಇಲ್ಲದೆ ಹೋದರೆ ಬ್ಯಾಡ ಅಂದ ಮಾತು ನಿಜವಾಗಿಬಿಡುತ್ತದೆ, ಅದು ದೊಡ್ಡ ಅಪಮಾನ. ಸಿಎಮ್ಮೆಸ್ಸಿನಲ್ಲಿ ಎಲ್ಲದಕ್ಕೂ ಪ್ಲಗಿನ್ ಇದೆ, ತೋಳು ಹಿಡಿದು ಎಳೆಯುವುದಕ್ಕೆ ಇಲ್ಲ. ಸಾಹುಕಾರರು ಹೇಳಿದಂತೆ ಗೌಡರನ್ನು ಮೊದಲು ಹಾಕಿ ಮೂವರಿಗೂ ಲಿಂಕ್ ಕಳಿಸಿದೆ. ಸಾಹುಕಾರರಿಂದ ಒಂದು ಒಣ 'ಹಾಂ' ಬಂತು, ಮಾಸ್ತರರಿಂದ ಅದೂ ಬರಲಿಲ್ಲ. ಮಾಸ್ತರರನ್ನು ಮೊದಲು ಹಾಕಿದೆ. ಗೌಡರು, ಸೈಟಿನ ಬಣ್ಣ ಸರಿಯಿಲ್ಲ ಎಂದರು. ಸಾಹುಕಾರರನ್ನು ಮೊದಲು ಹಾಕಿದೆ. ಮಾಸ್ತರರು ಬರೆದದ್ದನ್ನೆಲ್ಲ ತಿದ್ದಿ ಕಳಿಸಿದರು. ಬಣ್ಣ ಬದಲಿಸಿದೆ, ಬರಹ ತಿದ್ದಿದೆ. ಮೂವರೂ ಇನ್ನೊಂದಿಷ್ಟು ನೋಡೋಣ ಎಂದರು. ನಾನು ಪೆದ್ದನಂತೆ ಮತ್ತೆ ಬಣ್ಣವನ್ನೇ ಬದಲಿಸಿದೆ. ಈ ನಡುವೆ ಯಾದಗಿರಿಯ ಕಾಲೇಜುಗಳಲ್ಲಿ ಪ್ರವೇಶ ಶುರುವಾಗಿತ್ತು. ಮೇಡಂ ದಿನಾ ಬಸ್ಸಿಳಿದು ನನ್ನ ಕಿಟಕಿಯತ್ತ ನೋಡುತ್ತಿದ್ದರು. ನಾನು ಇಲ್ಲ ಎಂದು ಕೈಯಾಡಿಸುತ್ತಿದ್ದೆ.

ಕೊನೆಗೆ ಫೋಟೊಗಳನ್ನು ತಾನೇ ಅದಲುಬದಲು ಮಾಡುವ ಪ್ಲಗಿನ್ ಒಂದು ಕಣ್ಣಿಗೆ ಬಿತ್ತು. ಪುಟ ತೆರೆದಾಗಲೆಲ್ಲ ಬೇರೆ ಒಬ್ಬರು ಮೊದಲು ಬರುತ್ತಾರೆ, ಮುಂದಿನ ಸಲ ಇನ್ನೊಬ್ಬರು. ಯಾರಿಗೂ ಅನ್ಯಾಯವಿಲ್ಲ. ಇಂಥ ನ್ಯಾಯ ಶಹಾಪುರ ಕಂಡಿರಲಿಕ್ಕಿಲ್ಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಮೂವರೂ ತಾವು ಮೊದಲಿದ್ದುದನ್ನು ಯಾವಾಗಲೋ ನೋಡಿ ಹೂಂ ಅಂದರು. ಸೈಟು ಪಬ್ಲಿಶ್ ಆಯಿತು. ಮಾರನೆಯ ದಿನ ಸಾಹುಕಾರರ ಅಂಗಡಿಯಲ್ಲಿ ಮೂವರೂ ಗಾದಿಯ ಮೇಲೆ ಕೂತು ಚಹಾ ಕುಡಿಯುತ್ತ, ತಮ್ಮತಮ್ಮ ಮೊಬೈಲು ತೆಗೆದು ಒಬ್ಬರಿಗೊಬ್ಬರು ತೋರಿಸಿಕೊಂಡರು.

ನಾನಲ್ಲಿ ಇರಲಿಲ್ಲ. ಹಮಾಲರು ಹೇಳಿದ್ದನ್ನು ಕೇಳಿ ಗೊತ್ತು. ಮಾಸ್ತರರ ಮೊಬೈಲಿನಲ್ಲಿ ಗೌಡರು ಮೊದಲಿದ್ದರು, ಒಮ್ಮೆ ಮುಚ್ಚಿ ತೆರೆದರೆ ಸಾಹುಕಾರರು ಬಂದರು. ಗೌಡರ ಮೊಬೈಲಿನಲ್ಲಿ ಮಾಸ್ತರರು. ಸಾಹುಕಾರರ ಮೊಬೈಲೊಂದೇ ಅಲ್ಲಾಡಲಿಲ್ಲ, ಎಷ್ಟು ಸಲ ತೆರೆದರೂ ಅವರೇ ಮೊದಲು. ಅದಕ್ಕೆ ಕಾರಣ ಕ್ಯಾಶ್ ಎಂಬುದು, ಹಿಂದೆ ನೋಡಿದ ಪುಟವನ್ನು ಮೊಬೈಲು ತನ್ನೊಳಗೇ ಇಟ್ಟುಕೊಂಡು ಅದನ್ನೇ ಮತ್ತೆ ತೋರಿಸುವುದು. ಅದನ್ನು ಯಾರು ಯಾರಿಗೆ ಹೇಳಬೇಕು? ಸಾಹುಕಾರರು ನನಗೆ ಹೇಳಿಕೊಟ್ಟು ಮಾಡಿಸಿದ್ದಾರೆ ಎಂದು ಮಾಸ್ತರರು, ಜಾಗ ಕೊಟ್ಟವನನ್ನು ಬುಗುರಿ ತಿರುಗಿಸಿದಂತೆ ತಿರುಗಿಸಿದ್ದಾರೆ ಎಂದು ಗೌಡರು. ಚಹಾ ಅರ್ಧಕ್ಕೇ ಉಳಿಯಿತು. ತೀರ್ಮಾನ ಆಗುವವರೆಗೆ ಸೈಟು ಮುಚ್ಚಿಡಬೇಕೆಂದು ಮೂವರಿಂದಲೂ ಹುಕುಂ ಬಂತು. ಅವರು ಒಮ್ಮತದಿಂದ ಹೇಳಿದ ಮಾತು ಅದೊಂದೇ.

ಮುಚ್ಚಿದೆ. ಮೇಡಂ ಬಂದು ಸ್ಟೂಲಿನ ಮೇಲೆ ಕುಳಿತರು, ಬಯ್ಯಲಿಲ್ಲ. ಬಯ್ದಿದ್ದರೆ ನಕಲು ಮಾಡಿಯಾದರೂ ಹಗುರಾಗುತ್ತಿದ್ದೆ. ನಾನು ಅವರೆದುರು ಸುಮ್ಮನೆ ಕೂರಲಾರದೆ ಕಂಪ್ಯೂಟರಿನಲ್ಲಿ ಸೈಟು ತೆರೆದೆ. ಮುಚ್ಚಿದ ಸೈಟು ತೆರೆದೇ ಇತ್ತು. ಗಾಬರಿಯಾಗಿ ಮೊಬೈಲಿನಲ್ಲಿ ನೋಡಿದರೆ ಮುಚ್ಚಿತ್ತು. ಕಂಪ್ಯೂಟರಿನಲ್ಲಿ ಇದೆ, ಮೊಬೈಲಿನಲ್ಲಿ ಇಲ್ಲ. ಎರಡೂ ಕೈಯಲ್ಲಿ ಎರಡನ್ನೂ ಹಿಡಿದು ಹುಚ್ಚನಂತೆ ಅದನ್ನೊಮ್ಮೆ ಇದನ್ನೊಮ್ಮೆ ನೋಡಿದೆ. ಮತ್ತೆ ಕ್ಯಾಶ್ ಎಂದುಕೊಂಡೆ, ಸರ್ವರ್ ಕೆಟ್ಟಿತು ಎಂದುಕೊಂಡೆ, ಮೇಡಮ್ಮರ ಮೊಬೈಲನ್ನೂ ಇಸಿದುಕೊಂಡೆ. ಅವರು ಕನ್ನಡಕ ಮೇಲೇರಿಸಿ, ಕಂಪ್ಯೂಟರಿನಲ್ಲಿ ನೀನು ಮಾಲಕನಾಗಿ ಒಳಗಿದ್ದೀಯೇನು ಎಂದು ಕೇಳಿದರು. ಹೌದಲ್ಲ, ಲಾಗಿನ್ ಆಗಿದ್ದೆ. ಒಳಗಿದ್ದವನಿಗೆ ಒಂದು, ಹೊರಗಿದ್ದವನಿಗೆ ಇನ್ನೊಂದು. ಸಿಎಮ್ಮೆಸ್ಸಿನ ಮೊದಲ ಪಾಠವೇ ಅದು, ನಾನು ಇತರರಿಗೆ ಹೇಳಿಕೊಡುವ ಪಾಠ.

ಹಾಗಾದರೆ ಒಳಗೆ ಬರುವವರಿಗೆ ಒಬ್ಬೊಬ್ಬರಿಗೂ ಬೇರೆ ಮುಖಪುಟ ತೋರಿಸಬಹುದು. ಸಾಹುಕಾರರು ಲಾಗಿನ್ ಆದರೆ ಸಾಹುಕಾರರು ಮೊದಲು, ಗೌಡರಾದರೆ ಗೌಡರು, ಮಾಸ್ತರರಾದರೆ ಮಾಸ್ತರರು. ಹೊರಗಿನವರಿಗೆ ಫೋಟೊನೇ ಇಲ್ಲ, ಅರ್ಜಿ ಮಾತ್ರ. ಇದನ್ನು ಮೇಡಮ್ಮರಿಗೆ ಹೇಳಿದೆ. ಹಿರಿಯರಿಗೆ ಮೋಸವಾಗುತ್ತದೇನೋ ಎಂದರು. ಯಾರಾದರೂ ಕೇಳಿದರೆ ಇದ್ದದ್ದು ಇದ್ದಂತೆ ಹೇಳಬೇಕು ಎಂದರು. ಆಮೇಲೆ ಬ್ಯಾಗು ಹೆಗಲಿಗೇರಿಸಿದರು.

"ಫಾರಂ ಎಲ್ಲಾರಿಗೂ ಕಾಣ್ತದಲ್ಲ? ಹಚ್ಚು."

ಹಚ್ಚಿದೆ. ಮೂವರ ಮನೆಗೂ ಹೋಗಿ ಅವರವರ ಮೊಬೈಲಿನಲ್ಲಿ ಲಾಗಿನ್ ಮಾಡಿಕೊಟ್ಟು ಬಂದೆ. ಮೂವರೂ ಬರೋಬ್ಬರಿ ಆಯಿತು ಎಂದರು. ಜಗಳವಾದ ಮೇಲೆ ಅವರು ಒಟ್ಟಿಗೆ ಚಹಾ ಕುಡಿಯುವುದನ್ನು ಬಿಟ್ಟಿದ್ದರು, ನನ್ನ ಪುಣ್ಯ.

ಅರ್ಜಿಗಳು ಬರತೊಡಗಿದವು, ಒಂದೇ ದಿನಕ್ಕೆ ನಿಂತೂಹೋದವು. ಯಾಕೆಂದು ತಿಳಿಯದೆ ಎರಡು ಪ್ಲಗಿನ್ ತೆಗೆದೆ, ಸೈಟಿನ ಕನ್ನಡವೆಲ್ಲ ಚೌಕಚೌಕ ಡಬ್ಬಿಗಳಾಯಿತು. ವಾಪಸು ಹಾಕಿದೆ. ಕೊನೆಗೆ ಕಡೇಚೂರಿನಿಂದ ಯಾವುದೋ ಹುಡುಗಿಯ ಅಣ್ಣ ಫೋನು ಮಾಡಿ ಬಯ್ದ ಮೇಲೆ ವಿಷಯ ತಿಳಿಯಿತು. ಅವನು ಅಲ್ಲಿನ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ, ಊರಿನಲ್ಲಿ ಅವನ ಓಣಿಯ ಹುಡುಗಿಯರ ಅರ್ಜಿಯೆಲ್ಲ ಅವನ ಮೊಬೈಲಿನಿಂದ, ಅವನದೇ ಇಮೇಲಿನಿಂದ. ಒಂದು ಇಮೇಲಿಗೆ ಒಬ್ಬಳೇ ವಿದ್ಯಾರ್ಥಿನಿ ಎಂದು ಸಿಎಮ್ಮೆಸ್ ತಾನೇ ಠರಾಯಿಸಿಕೊಂಡಿತ್ತು. ಒಂದು ಓಣಿಗೆ ಒಂದೇ ಇಮೇಲ್ ಇರುತ್ತದೆ ಎಂಬುದನ್ನು ಅದಕ್ಕೆ ಯಾರು ಹೇಳಬೇಕಿತ್ತು? ನಾನೇ. ಆ ಕಟ್ಟು ಬಿಚ್ಚಿದೆ. ವಡಗೇರಾ, ಸುತ್ತಲಿನ ಹಳ್ಳಿಗಳು, ಹೆಸರು ಕೇಳದ ತಾಂಡಾಗಳು, ಎಲ್ಲ ಕಡೆಯಿಂದ ಬಂದವು.

ಆಗ ಸಾಹುಕಾರರಿಂದ ಕರೆ ಬಂತು. ಅಂಗಡಿಗೆ ಹೋದಾಗ ಅವರು ಒಬ್ಬರೇ ಇದ್ದರು. ಮುಂದೆ ಭತ್ತದ ಮಾದರಿಯ ರಾಶಿ. ಒಂದು ಕಾಳು ಹಲ್ಲಿಗೆ ಕೊಟ್ಟು ಕಚ್ಚಿ ನೋಡುತ್ತಿದ್ದರು.

"ಸುರಪುರದಾಗ ನಮ್ಮ ಮೊಮ್ಮಗಳು ಸೈಟ್ ತೆರದಾಳ. ಆಕಿ ಮೊಬೈಲ್‌ನಾಗ ನಾ ಇಲ್ಲ. ನನ್ನ ಮೊಬೈಲ್‌ನಾಗ ಅದೀನಿ. ಇದೆಂಗಪಾ?"

ಎಂಜಿನಿಯರನ ದನಿಗಾಗಿ ಬಾಯಿ ತೆರೆದೆ, ಬರಲಿಲ್ಲ. ನನ್ನ ಸ್ವಂತ ದನಿ ಬಂತು, ಅದು ಇಷ್ಟು ಸಣ್ಣದೆಂದು ಗೊತ್ತಿರಲಿಲ್ಲ.

"ಸಾವ್ಕಾರ್ರಿ, ನೀವು ಒಳಗ ಹೋಗಿ ನೋಡ್ತೀರಿ. ಆಕಿ ಹೊರಗ ನಿಂತು ನೋಡ್ಯಾಳ್ರಿ."

"ಹೊರಗ ನಿಂತವ್ರಿಗೆ ಮಾಸ್ತರ್ ಕಾಣ್ತಾರೇನು?"

"ಇಲ್ರಿ."

"ಗೌಡ್ರು?"

"ಅವ್ರೂ ಇಲ್ರಿ. ಯಾರೂ ಇಲ್ಲ. ಬರೇ ಫಾರಂ ಅದ ರಿ."

ನನ್ನ ಮೊಬೈಲು ಇಸಿದುಕೊಂಡು ತಾವೇ ಬೆರಳಿನಿಂದ ಮೇಲಿಂದ ಕೆಳಗೆ, ಕೆಳಗಿನಿಂದ ಮೇಲೆ ಎಳೆದು ನೋಡಿದರು. ಪುಟದ ತಳ ಮುಟ್ಟಿ ಬೆರಳು ತೆಗೆದರು. ಟ್ರಸ್ಟಿನ ಸಭೆಯಲ್ಲಿ ನನ್ನನ್ನು ಏನು ಮಾಡುತ್ತಾರೆ, ಮೇಡಮ್ಮರನ್ನು ಏನು ಮಾಡುತ್ತಾರೆ ಎಂದು ನಾನು ಎಣಿಸುತ್ತಿದ್ದೆ. ಅವರು ಹೊಟ್ಟು ಉಗುಳಿದರು.

"ಯಾರೂ ಇಲ್ಲಂದ್ರ ಇರ್ಲಿ ಬಿಡು. ಅವ್ರಿಗೆ ಹೇಳಬ್ಯಾಡ."

ಹೂಂ ಎಂದೆ. ಎದ್ದು ಬರುವಾಗ ಅರ್ಜಿಗಳು ಎಷ್ಟು ಬಂದಿವೆ ಎಂದು ಕೇಳಿದರು. ಹೇಳಿದೆ. ಅವರ ಕೈ ರಾಶಿಯ ಮೇಲೆಯೇ ನಿಂತಿತು.

"ಇಷ್ಟ್ ಹುಡುಗ್ಯಾರು ಎಲ್ಲಿದ್ರೋ?"

"ಅವರವರ ಮನ್ಯಾಗ ಇದ್ರು ರಿ."

ಸಭೆ ನಡೆದು ಸೈನ್ಸ್ ಸೆಕ್ಷನ್ ಉಳಿಯಿತು. ಮೇಡಂ ಬಸ್‌ಸ್ಟ್ಯಾಂಡಿನಿಂದಲೇ ಫೋನು ಮಾಡಿ, ಕೋಣೆ ಭರ್ತಿ ಆಗಿದೆ, ಇನ್ನು ಬೆಂಚಿಲ್ಲ, ಅರ್ಜಿ ಬಂದ್ ಮಾಡಿಬಿಡು ಎಂದರು. ಬಂದ್ ಮಾಡುವ ಬಟನ್ ಎಲ್ಲಿದೆ ಎಂದು ಹುಡುಕುತ್ತಿದ್ದಾಗ, ಪಟ್ಟಿಯ ಕೆಳಗೆ ಒಂದು ಅರ್ಧ ತುಂಬಿದ ಅರ್ಜಿ ಕಂಡಿತು. ಹುಡುಗಿಯ ಹೆಸರಿತ್ತು, ಊರಿತ್ತು, ಅಂಕಗಳ ಜಾಗ ಖಾಲಿ. ಯಾರೋ ಅದೇ ಹೊತ್ತಿಗೆ ಎಲ್ಲೋ ಕುಳಿತು ತುಂಬುತ್ತಿದ್ದರು. ಅಥವಾ ಅರ್ಧಕ್ಕೇ ಬಿಟ್ಟುಹೋಗಿದ್ದರು, ಈ ಸಿಎಮ್ಮೆಸ್ ಎರಡನ್ನೂ ಒಂದೇ ಥರ ತೋರಿಸುತ್ತದೆ. ಮೇಡಮ್ಮರಿಗೆ ತಿರುಗಿ ಫೋನು ಮಾಡಿದೆ. ಬಸ್ಸು ಹೊರಟಿತ್ತು, ಗದ್ದಲದಲ್ಲಿ ಎರಡು ಸಲ ಕೂಗಿ ಹೇಳಬೇಕಾಯಿತು.

"ಯಾವ ಊರಾಕಿ?" ಎಂದರು. ಹೇಳಿದೆ.

"ತೆರದಿಡು. ನಾಲ್ಕು ಮಂದಿ ಕೂಡೋ ಬೆಂಚಿನಾಗ ಐದು ಮಂದಿ ಕೂಡ್ತಾರ."

ಫೋನು ಕೆಳಗಿಟ್ಟು ಪರದೆಯ ಮುಂದೆ ಕುಳಿತೆ. ಅಂಕಗಳ ಜಾಗದಲ್ಲಿ ಇನ್ನೂ ಏನೂ ಬಂದಿರಲಿಲ್ಲ. ಪುಟವನ್ನು ಮತ್ತೆ ತೆರೆದು ನೋಡಿದೆ.