ಹಳೇ ಪುಸ್ತಕದ ಸೂಜಿತೂತು

ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಬೈಂಡರಕ್ಕನನ್ನು ಯಾರು ಅರಿಯರು? ನೆಲಮಾಳಿಗೆಯಲ್ಲಿ ಕೂತು ಮೂವತ್ತೊಂದು ವರ್ಷದಿಂದ ಪುಸ್ತಕ ಹೊಲಿಯುತ್ತಿರುವವಳು. ಓದಿದ್ದು ಏಳನೇ ಕ್ಲಾಸು. "ನನ್ನ ಕೈ ದಾಟದೆ ಇಲ್ಲಿ ಯಾರೂ ಡಾಕ್ಟರ್ ಆಗಿಲ್ಲ ಕಣ್ರೀ" ಎಂದು ಬೀಗುತ್ತಾಳೆ. ಬೀಗಲಿ ಬಿಡಿ, ಪಿಎಚ್.ಡಿ. ಪ್ರಬಂಧಗಳಿಗೆಲ್ಲ ರಟ್ಟು ಹಾಕಿದವಳು ಅವಳೇ. ಒಂದನ್ನೂ ಓದಿಲ್ಲ, ಅದು ಬೇರೆ ಮಾತು.

ಅಂದು ಮಾತ್ರ ಅವಳು ಮೌಖಿಕ ಪರೀಕ್ಷೆಯ ಸಭಾಂಗಣದಲ್ಲಿ ಹಿಂದಿನ ಬೆಂಚು ಹಿಡಿದಿದ್ದಳು. ಪರೀಕ್ಷೆ, ಎರಡು ವರ್ಷ ಅವಳ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೈಬರಹದ ಹಳೇ ಗಣಿತ ಪುಸ್ತಕವೊಂದನ್ನು ಓದಿದ ಹುಡುಗಿಯದು. ಒಂದೇ ಶಾಲೆಯ ನಾಲ್ಕು ತಲೆಮಾರಿನ ವಿದ್ಯಾರ್ಥಿಗಳು ಒಬ್ಬರಾದ ಮೇಲೊಬ್ಬರು ಪಾಠ ಸೇರಿಸುತ್ತ ಹೋದ ಪುಸ್ತಕವದು ಎಂಬುದು ಹುಡುಗಿಯ ವಾದ.

ಪರೀಕ್ಷಕರು ಕನ್ನಡಕ ತೆಗೆದರು. "ನಾಲ್ಕು ಥರದ ಅಕ್ಷರ ಇದೆ, ಸರಿ. ಆದರೆ ಎಲ್ಲೆಲ್ಲಿಂದಲೋ ತಂದ ಹಾಳೆಗಳನ್ನ ಯಾರೋ ಒಟ್ಟಿಗೆ ಹೊಲಿದಿರಬಹುದಲ್ಲಮ್ಮಾ? ಸಾಕ್ಷಿ ಎಲ್ಲಿ?"

ಹುಡುಗಿ ತನ್ನ ಪ್ರಬಂಧದ ಹಾಳೆ ಮಗುಚತೊಡಗಿದಳು; ಅಕ್ಷರ ಬಿಟ್ಟು ಬೇರೆ ಸಾಕ್ಷಿ ಅದರಲ್ಲಿರಲಿಲ್ಲ. ಐದು ವರ್ಷದ ದುಡಿಮೆ ನೀರಲ್ಲಿ ಹೋಮವಾಗುವುದರಲ್ಲಿತ್ತು.

"ಸಭಿಕರು ಯಾರಾದರೂ ಮಾತಾಡಬಹುದು" ಎಂದರು ಅಧ್ಯಕ್ಷರು, ರೂಢಿಯಂತೆ, ಫೈಲು ಮುಚ್ಚುತ್ತ. ಯಾರೂ ಮಾತಾಡಿದ ದಾಖಲೆಯೇ ಇರಲಿಲ್ಲ.

ಹಿಂದಿನ ಬೆಂಚಿನಿಂದ ಬೈಂಡರಕ್ಕ ಎದ್ದಳು. ಕೈ ತಾನಾಗಿ ಮೇಲೆದ್ದಿತ್ತು.

"ಸಾರ್, ತೂತು ಎಣಿಸಿ! ರಿಪೇರಿಗೆ ಬಂದಾಗ ನಾನೇ ಬಿಚ್ಚಿದ್ದು. ಮೊದಲನೆಯವರು ಬರೆದ ಭಾಗದ ಅಂಚಲ್ಲಿ ನಾಲ್ಕು ಸಾಲು ಸೂಜಿತೂತು, ಎರಡನೇದರಲ್ಲಿ ಮೂರು, ಮೂರನೇದರಲ್ಲಿ ಎರಡು, ಕೊನೇದರಲ್ಲಿ ಒಂದೇ. ಒಂದರ ಮೇಲೊಂದು ಇಟ್ರೆ ತೂತಿಗೆ ತೂತು ಕೂಡುತ್ತೆ. ಹೊಸ ಪಾಠ ಸೇರಿಸಿದಾಗೆಲ್ಲ ಇಡೀ ಪುಸ್ತಕಾನ ಮತ್ತೆ ಹೊಲಿದಿದಾರೆ!"

ಪುಸ್ತಕ ತರಿಸಿದರು. ಪರೀಕ್ಷಕರು ಭೂತಗನ್ನಡಿ ಹಿಡಿದು ಬಗ್ಗಿದರು. "ನಾಲ್ಕು... ಮೂರು... ಎರಡು..." ಎನ್ನುತ್ತ ಅವರ ದನಿಯೇ ಏರಿತು. "ಒಂದು! ಹೌದ್ರೀ, ಒಂದೇ!" ಆ ಗಂಭೀರ ಮನುಷ್ಯ ಮೇಜು ಕುಟ್ಟಿ ನಕ್ಕುಬಿಟ್ಟರು. ಸಭಾಂಗಣಕ್ಕೆ ಸಭಾಂಗಣವೇ ಎದ್ದು ನಿಂತಿತು.

ಹುಡುಗಿ ಓಡಿಬಂದು ತಬ್ಬಿಕೊಂಡಳು. "ಅಕ್ಕಾ, ಮೊದಲೇ ಯಾಕೆ ಹೇಳ್ಲಿಲ್ಲ?"

"ನೀನೆಲ್ಲಿ ಕೇಳಿದೆ? ಎರಡು ವರ್ಷ ಬರೀ ಅಕ್ಷರಾನೇ ನೋಡಿದೆ. ಓದಿದವಳು, ಗೊತ್ತಿರುತ್ತೆ ಅಂದ್ಕೊಂಡೆ."

ತಿಂಗಳ ಮೇಲೆ ಪ್ರಬಂಧ ಹೊಲಿಗೆಗೆ ಬಂತು. ಸೂಜಿತೂತುಗಳ ಮೇಲೆ ಹೊಸ ಅಧ್ಯಾಯವಿತ್ತು, ಅದರಡಿ ಬೈಂಡರಕ್ಕನ ಹೆಸರೂ ಇತ್ತು. ಅವಳು ಸೂಜಿ ಪಕ್ಕಕ್ಕಿಟ್ಟು ಮೊದಲ ಪುಟದಿಂದ ಓದಿದಳು, ಎರಡು ದಿನ. ಆಮೇಲೆ ಹೊಲಿದಳು.

"ಅಕ್ಕಾ, ಕೊನೇಲಿ ಇಷ್ಟೊಂದು ಖಾಲಿ ಹಾಳೆ ಯಾಕೆ?" ಎಂದು ಹುಡುಗಿ ಕೇಳಿದಳು.

"ಮುಂದಿನವರು ಬರೀಬೇಡ್ವಾ? ಮತ್ತೆ ಬಿಚ್ಚಿ ಹೊಲಿಯೋಕೆ ನಾನಿರ್ತೀನೋ ಇಲ್ವೋ."