ಭೈರುಂಬೆಯಲ್ಲಿ ಕೇಳಿದ ನನ್ನ ಜೋಗುಳ

ದೆವ್ವ, ಭೂತ, ಮೈಮೇಲೆ ಬರುವುದು, ಇಂಥದನ್ನೆಲ್ಲ ನಾನು ನಂಬಿದವಳಲ್ಲ. ಯಲ್ಲಾಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಯಾರಾದರೂ ಇಂಥ ಕಥೆ ತೆಗೆದರೆ ನಡುವೆ ಬಾಯಿ ಹಾಕಿ ಅವರ ಉತ್ಸಾಹಕ್ಕೆ ತಣ್ಣೀರು ಎರಚುವುದು ನನ್ನ ಹಳೇ ಚಾಳಿ. ಈಗ ನಾನೇ ಹೇಳಲು ಕೂತಿದ್ದೇನೆ. ನೀವೂ ಬಾಯಿ ಹಾಕಬಹುದು, ಬೇಸರವಿಲ್ಲ. ಆದರೆ ಪೂರ್ತಿ ಕೇಳಿದ ಮೇಲೆ ಹಾಕಿ.

ನನ್ನ ಹತ್ತಿರ ಒಂದು ಗಿಟಾರ್ ಇದೆ. ಅಂಗಡಿಯಿಂದ ತಂದದ್ದಲ್ಲ. ಸಿದ್ದಾಪುರದ ಪಕ್ಕ ಕೋಲಸಿರ್ಸಿಯಲ್ಲಿ ಗಜಾನನ ಎಂಬ ಬಡಗಿ ಇದ್ದಾನೆ. ಮಂಚ, ಬಾಗಿಲು ಮಾಡುವುದು ಅವನ ಹೊಟ್ಟೆಪಾಡು. ಸಣ್ಣ ವಯಸ್ಸಿನಲ್ಲಿ ಗೋವಾಕ್ಕೆ ಹೋಗಿ ಗಿಟಾರ್ ಮಾಡುವವರೊಬ್ಬರ ಕೈಕೆಳಗೆ ಕೆಲಸ ಕಲಿತು ಬಂದವನು, ವರ್ಷಕ್ಕೆ ಒಂದೋ ಎರಡೋ ಗಿಟಾರನ್ನೂ ಮಾಡುತ್ತಾನೆ. ನನ್ನದನ್ನು ಮಾಡುವಾಗ ಭಾನುವಾರ ಭಾನುವಾರ ಹೋಗಿ ಅವನ ಕೊಟ್ಟಿಗೆಯಲ್ಲಿ ಕೂತು ನೋಡುತ್ತಿದ್ದೆ. ಹಳೇ ಬಾಗಿಲೊಂದರ ಬೀಟೆ ಹಲಗೆಯನ್ನು ತೆಳ್ಳಗೆ ಸೀಳಿ, ಒದ್ದೆ ಮಾಡಿ, ಕಾದ ಕೊಳವೆಗೆ ಒತ್ತಿ ಒತ್ತಿ ಬಗ್ಗಿಸುತ್ತಿದ್ದ. "ಅವಸರ ಮಾಡ್ರೆ ಮರ ಸಿಟ್ಟು ಮಾಡ್ತದೆ ಅಕ್ಕೋರೇ" ಎನ್ನುತ್ತಿದ್ದ. ನಮ್ಮ ಕಡೆ ಟೀಚರಮ್ಮನಿಗೆ ಅಕ್ಕೋರು ಎನ್ನುತ್ತಾರೆ. ನನ್ನ ಬೆರಳು ಗಿಡ್ಡ. ಅದಕ್ಕೆಂದೇ ನನ್ನ ಕೈ ಅಳೆದು ಗಿಟಾರಿನ ಕತ್ತನ್ನು ಸಪೂರ ಕೆತ್ತಿಕೊಟ್ಟ. ಆಮೇಲೆ ಯಲ್ಲಾಪುರಕ್ಕೆ ಬಂದಾಗಲೆಲ್ಲ ನಮ್ಮ ಮನೆಯಲ್ಲೇ ಉಂಡು ಹೋಗುತ್ತಿದ್ದ. ತಮ್ಮನೇ ಅಂದುಕೊಂಡಿದ್ದೆ.

ಕೈಯಲ್ಲಿ ಮಾಡಿದ ಗಿಟಾರಿಗೆ ನಮ್ಮ ಮಳೆಗಾಲ ಶತ್ರು. ಥಂಡಿಗೆ ಹಲಗೆ ಉಬ್ಬುತ್ತದೆ, ಅಂಟು ಬಿಡುತ್ತದೆ. ಗಜಾನನ ಅದಕ್ಕೊಂದು ಪದ್ಧತಿ ಮಾಡಿದ್ದ. ಅವನ ಮನೆಯ ಬಚ್ಚಲೊಲೆಯ ಹಿಂದೆ, ಅದೇ ಗೋಡೆಗೆ ತಾಗಿ ಒಂದು ಚಿಕ್ಕ ಕೋಣೆಯಿದೆ. ಒಲೆ ಉರಿಯುತ್ತಿರುವಷ್ಟು ದಿನ ಅದು ಬೆಚ್ಚಗೆ, ಒಣಗಿಕೊಂಡಿರುತ್ತದೆ. ಅವನಲ್ಲಿ ಗಿಟಾರ್ ಮಾಡಿಸಿಕೊಂಡವರೆಲ್ಲ ಮಳೆ ಹಿಡಿಯುವ ಮೊದಲು ಅದನ್ನು ಅಲ್ಲಿಗೆ ಒಪ್ಪಿಸುವುದು, ಅವನು ತಂತಿ ಸಡಿಲಿಸಿ ಸಾಲಾಗಿ ತೂಗುಹಾಕುವುದು, ನವರಾತ್ರಿ ಹೊತ್ತಿಗೆ ನಾವು ಹೋಗಿ ತರುವುದು. ಹೆರಿಗೆಗೆ ತವರಿಗೆ ಕಳಿಸಿದ ಹಾಗೆ ಎಂದು ನನ್ನ ಗಂಡ ತಮಾಷೆ ಮಾಡುತ್ತಿದ್ದರು.

ಗಿಟಾರ್ ಬಂದ ಮರುವರ್ಷ ನಾನು ಬಸುರಿಯಾದೆ. ಮಗು ಹುಟ್ಟುವ ಮೊದಲು ತೊಟ್ಟಿಲು ತರಬಾರದು, ಬಟ್ಟೆ ಹೊಲಿಸಬಾರದು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ಜೋಗುಳ ಹಾಡಿದರಂತೂ ಅತ್ತೆ ಮನೆಯಿಂದ ಓಡಿಸುತ್ತಿದ್ದರೇನೋ. ನನಗೆ ಇದೆಲ್ಲ ನಗೆ. ಆದರೂ ಅತ್ತೆಯ ಬಾಯಿಗೆ ಹೆದರಿ ಕಿಟಕಿ ಹಾಕಿಕೊಂಡು, ಹೆಬ್ಬೆರಳಿನಲ್ಲಿ ಮೆತ್ತಗೆ ಮೀಟುತ್ತಾ, ಮಗುವಿಗೊಂದು ಜೋಗುಳ ಕಟ್ಟತೊಡಗಿದೆ. ಮಾತಿಲ್ಲ, ಬರೀ ರಾಗ. ಗಂಡನ ಮುಂದೆಯೂ ನುಡಿಸಲಿಲ್ಲ. ಸೀಮಂತದಲ್ಲಿ ತೊಡಿಸಿದ ಹಸಿರು ಗಾಜಿನ ಬಳೆಗಳು ಉಜ್ಜಿ ಉಜ್ಜಿ ಗಿಟಾರಿನ ಮೇಲ್ಹಲಗೆಯಲ್ಲಿ ಗೀರು ಬಿದ್ದವು. ಒಂದು ಬಳೆ ಒಡೆದು ಅದರ ಚೂರು ಪಾಲಿಶಿನೊಳಗೆ ಕಚ್ಚಿಕೊಂಡು ಅಲ್ಲೇ ಉಳಿಯಿತು.

ಮಗು ಉಳಿಯಲಿಲ್ಲ. ಜೋಗುಳ ಅರ್ಧಕ್ಕೆ ನಿಂತಿತು. ಆಮೇಲೆ ವರ್ಷಗಟ್ಟಲೆ, ಮನೆಯಲ್ಲಿ ಯಾರೂ ಇಲ್ಲದಾಗ ಮಾತ್ರ, ಆ ಅರ್ಧವನ್ನಷ್ಟೇ ನುಡಿಸಿ ಗಿಟಾರ್ ಮುಚ್ಚಿಡುತ್ತಿದ್ದೆ. ಮುಂದೆ ಕಟ್ಟಲು ಎಷ್ಟು ಒದ್ದಾಡಿದರೂ ಒಂದು ಸ್ವರ ಮುಂದಕ್ಕೆ ಹೋಗಲಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ನವರಾತ್ರಿಯಲ್ಲಿ ಗಿಟಾರ್ ತಂದಾಗ ಅದರ ನಾದ ಸ್ವಲ್ಪ ಗಡಸು ಅನ್ನಿಸಿತು. "ಹೊಸ ತಂತಿ ಹಾಕಿದ್ದೆ, ಪಳಗೂಕೆ ಟೈಮ್ ಬೇಕು" ಅಂದ ಗಜಾನನ. ಇರಬಹುದು ಅಂದುಕೊಂಡೆ. ಆ ಸಲ ಯಾಕೋ ಜೋಗುಳವೂ ನೆಟ್ಟಗೆ ಬರಲಿಲ್ಲ. ಅಲ್ಲಲ್ಲಿ ಮರೆತು ತಡವರಿಸಿದೆ. ವಯಸ್ಸಾಯಿತು, ಬೆರಳು ಜಡವಾಯಿತು ಎಂದು ನನ್ನನ್ನೇ ಬೈದುಕೊಂಡೆ.

ಆ ಚಳಿಗಾಲದಲ್ಲಿ ನಮ್ಮ ಶಾಲೆಯವರೊಬ್ಬರ ಹೊಸ ಮನೆಯ ಗೃಹಪ್ರವೇಶಕ್ಕೆ ಭೈರುಂಬೆಗೆ ಹೋಗಿದ್ದೆ. ಊಟ ಮುಗಿಸಿ, ಉಳಿದವರು ಸಹಸ್ರಲಿಂಗ ನೋಡಿ ಬರುತ್ತೇವೆಂದು ಹೊರಟಾಗ, ನಾನೊಬ್ಬಳೇ ಬಸ್ಸಿಗೆಂದು ನಡೆದುಕೊಂಡು ಹೊರಟೆ. ಬಿಸಿಲು ಚೆನ್ನಾಗಿತ್ತು. ಮಸುಕು, ಮಬ್ಬು, ಅರೆನಿದ್ದೆ ಯಾವುದೂ ಇರಲಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ. ರಸ್ತೆ ಪಕ್ಕದ ಒಂದು ಮನೆಯಿಂದ ಗಿಟಾರ್ ಕೇಳಿಸಿತು. ನನ್ನ ಜೋಗುಳ.

ಅಲ್ಲೇ ನಿಂತೆ. ಎಲ್ಲೋ ಕೇಳಿದ ಯಾವುದೋ ಹಾಡು ನನ್ನ ತಲೆಯಲ್ಲೂ ಅವರ ತಲೆಯಲ್ಲೂ ಕೂತಿರಬಹುದು ಎಂದು ನನ್ನ ಗಣಿತದ ಬುದ್ಧಿ ಕೂಡಲೇ ಹೇಳಿತು. ಆದರೆ ಆ ರಾಗದಲ್ಲಿ ಒಂದು ಕಡೆ ನನ್ನ ಗಿಡ್ಡ ಬೆರಳಿಗೆ ಎಟುಕದ ಸ್ವರವೊಂದಿದೆ, ಅದನ್ನು ನಾನು ಬಿಟ್ಟು ಹಾರುತ್ತೇನೆ. ಒಳಗಿದ್ದವರೂ ಅಲ್ಲಿ ಅದನ್ನೇ ಬಿಟ್ಟು ಹಾರಿದರು. ರಾಗ ನಾನು ನಿಲ್ಲಿಸಿದ ಜಾಗಕ್ಕೆ ಬಂತು. ನಿಲ್ಲಲಿಲ್ಲ. ಮುಂದೆ ಹೋಯಿತು. ಬಹಳ ಸಹಜವಾಗಿ, ಹೀಗಲ್ಲದೆ ಇನ್ನು ಹೇಗೂ ಹೋಗಲಾರದು ಎಂಬಂತೆ ಹೋಯಿತು. ರಸ್ತೆಯಲ್ಲಿ ನಿಂತು ಅತ್ತುಬಿಟ್ಟೆ. ಫೋನಿನಲ್ಲಿ ಹಿಡಿದಿಟ್ಟುಕೊಳ್ಳಬೇಕೆಂಬುದು ಹೊಳೆಯಲೇ ಇಲ್ಲ.

ಒಳಗೆ ಹೋದೆ. ಜಗುಲಿಯಲ್ಲಿ ಹೊಲಿಗೆ ಮಿಷನ್ನು, ಅದರ ಪಕ್ಕ ಸ್ಟೂಲಿನ ಮೇಲೆ ನನ್ನ ವಾರಿಗೆಯ ಹೆಂಗಸು, ತೊಡೆಯ ಮೇಲೆ ಗಿಟಾರ್. "ಬನ್ನಿ, ಕೂತ್ಕಳಿ. ಬ್ಲೌಸಿನ ಅಳತೆ ಕೊಡೂಕೆ ಬಂದ್ರಾ?" ಅಂದಳು. ಅವಳ ಬೆರಳುಗಳನ್ನು ನೋಡಿದೆ. ನೀಳ ಬೆರಳು. ಆ ಸ್ವರ ಅವಳಿಗೆ ಸಲೀಸಾಗಿ ಎಟುಕಬೇಕು. ಗಿಟಾರ್ ನೋಡಿದೆ. ನಮ್ಮ ಮನೆಯಲ್ಲಿರುವುದರ ಅವಳಿಯೇ, ಬಳೆಯ ಗೀರುಗಳ ಸಮೇತ. ಬಗ್ಗಿ ನೋಡಿದೆ. ಗೀರಿನ ಕೊನೆಯಲ್ಲಿ ಹಸಿರು ಚೂರು ಮಿನುಗುತ್ತಿತ್ತು. ಮನೆಯಲ್ಲಿದ್ದದ್ದರಲ್ಲಿ ನವರಾತ್ರಿಯಿಂದ ಆ ಚೂರು ಕಂಡ ನೆನಪೇ ಇರಲಿಲ್ಲ.

ಅವಳ ಹೆಸರು ಸುನಂದಾ. ಗಜಾನನನ ಅಕ್ಕ.

ಯಲ್ಲಾಪುರದ ಬಸ್ಸು ಬಿಟ್ಟು ಸೀದಾ ಕೋಲಸಿರ್ಸಿಗೆ ಹೋದೆ. ಗಜಾನನ ಬಾಗಿಲೊಂದಕ್ಕೆ ಉಳಿ ಹಿಡಿದಿದ್ದ. ನನ್ನ ಮುಖ ನೋಡಿದ್ದೇ ಉಳಿ ಕೆಳಗಿಟ್ಟ. ಸುಳ್ಳು ಹೇಳಲಿಲ್ಲ, ಅಷ್ಟರಮಟ್ಟಿಗೆ ಪುಣ್ಯ. ಆ ಮಳೆಗಾಲದ ಮೊದಲು ಸುನಂದಾಳ ಗಂಡ ಅಪಘಾತದಲ್ಲಿ ಹೋದನಂತೆ. ತವರಿಗೆ ಬಂದವಳು ಮಾತೇ ನಿಲ್ಲಿಸಿದ್ದಳಂತೆ. ಒಂದು ದಿನ ತಾನಾಗಿ ಆ ಬೆಚ್ಚಗಿನ ಕೋಣೆಗೆ ಹೋಗಿ, ಸಾಲಿನಲ್ಲಿದ್ದ ಅಷ್ಟು ಗಿಟಾರುಗಳಲ್ಲಿ ನನ್ನದನ್ನೇ ಇಳಿಸಿಕೊಂಡು ಮಡಿಲಲ್ಲಿಟ್ಟು ಕೂತಳಂತೆ.

"ತಂತಿ ಬಿಗಿ ಮಾಡ್ಕೊಡು ಅಂದ್ಲು. ಎಷ್ಟೋ ದಿನದ ಮೇಲೆ ಆಡಿದ ಮೊದಲ್ನೇ ಮಾತು ಅದು ಅಕ್ಕೋರೇ. ಗಂಡನ ಮನೆ ಭೈರುಂಬೆಗೆ ವಾಪಸ್ ಹೋಗೂವಾಗ ಅದ್ನೇ ತಗಂಡು ಹೋದ್ಲು, ಕಸ್ಕೊಳ್ಳೂಕೆ ನಂಗೆ ಕೈ ಬರ್ಲಿಲ್ಲ."

"ನನ್ನ ಕೇಳ್ಬಹುದಿತ್ತಲ್ಲ?"

"ಕೇಳ್ರೆ ಇಲ್ಲ ಹೇಳ್ತಿದ್ರಿ. ನಿಮ್ಗೆ ಗೊತ್ತಾಗೂದಿಲ್ಲ ಅಂದ್ಕಂಡೆ."

ನನಗೆ ಉರಿದದ್ದು ಇದಕ್ಕೆ. ಗಿಟಾರ್ ಕೊಟ್ಟದ್ದಕ್ಕಿಂತ ಹೆಚ್ಚಾಗಿ ಇದಕ್ಕೆ. ನನಗೆ ಕೊಡಲೆಂದು ಅಂಥದೇ ನಕಲಿ ಗಿಟಾರೊಂದನ್ನು ಮಾಡಿ, ಒಂದು ಬಳೆ ತಂದು, ಕೂತು ಕೂತು ಅದರ ಮೇಲೆ ನನ್ನ ಗೀರುಗಳನ್ನು ಒಂದೊಂದಾಗಿ ಗೀಚಿದ್ದನಲ್ಲ ಅವನು! ನಾನು ಯಾವ ಬಳೆ ತೊಟ್ಟಾಗ ಬಿದ್ದ ಗೀರು ಅವು ಎಂದು ಅವನಿಗೆ ಗೊತ್ತಿತ್ತು. ಸೀಮಂತದ ಊಟಕ್ಕೆ ಬಂದಿದ್ದ. ಇನ್ನೂ ನೋವೆಂದರೆ, ಅವನ ಎಣಿಕೆ ತಪ್ಪಿರಲಿಲ್ಲ. ತಿಂಗಳುಗಟ್ಟಲೆ ಮಡಿಲಲ್ಲಿಟ್ಟುಕೊಂಡೂ ನನಗೆ ಗೊತ್ತಾಗಿರಲಿಲ್ಲ. ಅವತ್ತಿನಿಂದ ಅವನ ಹತ್ತಿರ ಮಾತು ಬಿಟ್ಟೆ.

ಅಲ್ಲಿಂದ ಹೊರಡುವ ಮೊದಲು ಜೋಗುಳದ ವಿಷಯ ಕೇಳಿದ್ದಕ್ಕೆ ಅವನು ಪಿಳಿಪಿಳಿ ನೋಡಿದ. ಅವನು ಅದನ್ನು ಕೇಳಿರಲು ಸಾಧ್ಯವೇ ಇಲ್ಲ, ಅವನೆದುರು ನಾನು ಯಾವತ್ತೂ ನುಡಿಸಿಲ್ಲ. ಮರುದಿನ ಮತ್ತೆ ಭೈರುಂಬೆಗೆ ಹೋಗಿ ಸುನಂದಾಳನ್ನೇ ಕೇಳಿದೆ. ಅವಳು ಯಾರ ಹತ್ತಿರವೂ ಕಲಿತವಳಲ್ಲ, ಬೇರೆ ಒಂದು ಹಾಡೂ ಅವಳಿಗೆ ಬಾರದು. "ಅದನ್ನ ಹಿಡ್ಕಂಡ್ರೆ ಕೈ ತಾನಾಗೇ ಹೋಗ್ತದೆ ಅಕ್ಕೋರೇ, ನಂದೇನೂ ಇಲ್ಲ" ಎಂದಳು. ಗಿಟಾರ್ ನನ್ನದು ಎಂದು ತಿಳಿದಾಗ ಅವಳು ಹಳೇ ಸೀರೆಯಲ್ಲಿ ಸುತ್ತಿ ಕೊಟ್ಟಳು. ನಾನು ತೆಗೆದುಕೊಂಡೆ. ನಕಲಿಯನ್ನು ಅವಳಿಗೆ ಕಳಿಸಿಕೊಟ್ಟೆ. ಅದರಲ್ಲಿ ಅವಳಿಗೆ ಏನೂ ಬರುವುದಿಲ್ಲವಂತೆ.

ಮನೆಗೆ ತಂದು ಬಾಗಿಲು ಹಾಕಿಕೊಂಡು ನುಡಿಸಿದೆ. ಹಳೇ ನಾದ, ಹಳೇ ಹಿಡಿತ, ಜೋಗುಳ ಒಂದೂ ತಡೆಯಿಲ್ಲದೆ ಬಂತು. ನಾನು ನಿಲ್ಲಿಸಿದ ಜಾಗದವರೆಗೆ. ಭೈರುಂಬೆಯ ರಸ್ತೆಯಲ್ಲಿ ಕೇಳಿದ ಮುಂದಿನ ಭಾಗ ಒಂದು ಸ್ವರವೂ ನೆನಪಿಗೆ ಬರಲಿಲ್ಲ. ಕೇಳಿ ಅತ್ತದ್ದು ನೆನಪಿದೆ, ಕೇಳಿದ್ದು ನೆನಪಿಲ್ಲ. ಗಜಾನನನ ಮೋಸ ನನಗೆ ಅರ್ಥವಾಗುತ್ತದೆ, ಅದು ಮನುಷ್ಯರ ಮೋಸ. ಆದರೆ ಈ ಮರದ ಪೆಟ್ಟಿಗೆ? ನನ್ನ ಕೈಯಳತೆಗೆ ಕೆತ್ತಿದ್ದು, ಮುಚ್ಚಿದ ಕಿಟಕಿಯ ಒಳಗೆ ನನ್ನ ಹೊಟ್ಟೆಗೆ ಒತ್ತಿಕೊಂಡು ಎಲ್ಲ ಕೇಳಿಸಿಕೊಂಡದ್ದು. ನನ್ನ ಗುಟ್ಟನ್ನು ಇನ್ನೊಬ್ಬಳಿಗೆ ಬಿಟ್ಟುಕೊಟ್ಟದ್ದಲ್ಲದೆ, ನನಗೆ ಕೊಡದೇ ಇಟ್ಟುಕೊಂಡದ್ದನ್ನೂ ಅವಳಿಗೆ ಕೊಟ್ಟಿತು. ಮರದ ಮೇಲೆ ಸಿಟ್ಟು ಮಾಡಿಕೊಂಡವಳನ್ನು ನೀವು ಹುಚ್ಚಿ ಅನ್ನಬಹುದು. ಅನ್ನಿ.

ಮೊನ್ನೆ ಸುನಂದಾ ಫೋನ್ ಮಾಡಿದ್ದಳು. "ಒಂದ್ ಮಧ್ಯಾಹ್ನಕ್ಕೆ ಮಾತ್ರ ತಂದ್ಕೊಡ್ತ್ರಾ ಅಕ್ಕೋರೇ? ನಿಮ್ಮೆದುರೇ ಬಾರಿಸಿ ವಾಪಸ್ ಕೊಡ್ತೆ" ಎಂದಳು. ಇಂಥದೇ ಮಾತು ಹಿಂದೆಯೂ ಕೇಳಿದ್ದಳು. ಯಲ್ಲಾಪುರದಿಂದ ಭೈರುಂಬೆ ಏನೂ ದೂರವಲ್ಲ. ಈ ಸಲ ಫೋನಿನಲ್ಲಿ ಹಿಡಿದಿಟ್ಟುಕೊಳ್ಳಬಹುದು, ಪೂರ್ತಿ ಜೋಗುಳ ನನ್ನದಾಗುತ್ತದೆ. ನೋಡುವ ಎಂದು ಹೇಳಿ ಫೋನ್ ಇಟ್ಟೆ. ಪ್ರತಿ ಸಲವೂ ಹಾಗೇ ಹೇಳಿದ್ದೇನೆ. ಅವಳ ಮಡಿಲಲ್ಲಿ ಅದು ಮತ್ತೆ ಮುಂದುವರಿದರೆ, ನನ್ನ ಮಡಿಲಲ್ಲಿ ಯಾಕೆ ನಿಂತಿತು ಎಂದು ಯಾರನ್ನು ಕೇಳಲಿ? ಗಿಟಾರ್ ನನ್ನ ಹತ್ತಿರವೇ ಇದೆ.