ಹನ್ನೊಂದಕ್ಕೆ ಶುದ್ಧ

ನನ್ನ ಮಗಳನ್ನು ನಾನು ಒದ್ದೆನೋ ಇಲ್ಲವೋ ಎಂಬುದು ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಒದ್ದೆ ಎನ್ನುತ್ತಾಳೆ ಹೆಂಡತಿ. ಕಾಲು ಅಡ್ಡ ಇಟ್ಟೆ ಎನ್ನುತ್ತೇನೆ ನಾನು. ನನ್ನ ಮಾತನ್ನು ನಾನೇ ಪೂರ್ತಿ ನಂಬುವುದಿಲ್ಲ. ಆಗ ನನ್ನ ಮೈಯೂ ತಲೆಯೂ ನನ್ನ ಹತೋಟಿಯಲ್ಲಿರಲಿಲ್ಲ. ಐದು ವರ್ಷದ ಆ ಹುಡುಗಿ ಅಂದಿನಿಂದ ನನ್ನ ಬಳಿ ಬರುತ್ತಿಲ್ಲ ಎಂಬುದರ ಬಗ್ಗೆ ಮಾತ್ರ ಯಾರಿಗೂ ಅನುಮಾನವಿಲ್ಲ.

ನಾನು ಚಿನ್ನದ ಗಣಿಯ ಊರಾದ ಉರಿಗಾಂನ ಕಾಲೇಜೊಂದರಲ್ಲಿ ಇತಿಹಾಸ ಹೇಳಿಕೊಡುತ್ತೇನೆ. ಸಾಕ್ಷಿಯಿಲ್ಲದೆ ಏನನ್ನೂ ನಂಬಬೇಡಿ ಎಂದು ಹುಡುಗರಿಗೆ ವರ್ಷವಿಡೀ ಹೇಳುವುದೇ ನನ್ನ ಕಸುಬು. ಕೆಲವು ವರ್ಷಗಳ ಕೆಳಗೆ ಬೋರ್ಡಿನ ಮೇಲೆ ನನ್ನ ಅಕ್ಷರ ನಡುಗಲು ಶುರುವಾಯಿತು. ಹಿಂದಿನ ಬೆಂಚಿನಿಂದ ಒಬ್ಬ, ನನಗೆ ಕೇಳಲಿ ಎಂದೇ, "ಸಾರ್ ಬೆಳಿಗ್ಗೇನೇ ಆಕ್ಕೊಂಡ್ ಬಂದವ್ರೆ ಕಣ್ಲಾ" ಅಂದ. ನಾನು ಕುಡಿಯುವವನಲ್ಲ. ಮೂರು ಹೊತ್ತೂ ಮುದ್ದೆಯ ಮೇಲೆ ಮುದ್ದೆ ತಿನ್ನುತ್ತಿದ್ದೆ, ಆದರೂ ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಡಿಸೆಂಬರಿನ ಚಳಿಯಲ್ಲಿ ಫ್ಯಾನು ಹಾಕಿಸುತ್ತಿದ್ದೆ. ಕೂತಲ್ಲಿ ಕೂರಲಾಗದೆ, ಸಾರಿಗೆ ಉಪ್ಪು ಕಡಿಮೆಯಾದದ್ದಕ್ಕೆಲ್ಲ ಕೂಗಾಡುತ್ತಿದ್ದೆ. ಸುಮ್ಮನೆ ಮಲಗಿದ್ದರೂ ಎದೆ, ಓಡಿ ಬಂದವನ ಎದೆಯ ಹಾಗೆ ಬಡಿದುಕೊಳ್ಳುತ್ತಿತ್ತು.

ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಎಂದು ಗೊತ್ತಾಯಿತು. ಗಂಟಲ ಬುಡದ ಆ ಗ್ರಂಥಿ ಮೈಯ ವೇಗವನ್ನು ನಿರ್ಧರಿಸುತ್ತದೆ. ನನ್ನದು ಅತಿಯಾಗಿ ಓಡುತ್ತಿತ್ತು. ನನ್ನ ರಕ್ತದಲ್ಲೇ ಹುಟ್ಟಿದ ಏನೋ ಒಂದು ಅದಕ್ಕೆ ಓಡು ಓಡು ಎಂದು ಸುಳ್ಳು ಆಜ್ಞೆ ಕೊಡುತ್ತಿತ್ತು. ವರ್ಷಕ್ಕೂ ಹೆಚ್ಚು ಕಾಲ ಮಾತ್ರೆ ನುಂಗಿದೆ. ಜ್ವರ, ಗಂಟಲುನೋವು ಬಂದರೆ ಮಾತ್ರೆ ನಿಲ್ಲಿಸಿ ಓಡಿ ಬನ್ನಿ, ಮಾತ್ರೆಯಿಂದ ಬಿಳಿ ರಕ್ತಕಣ ಕಡಿಮೆಯಾಗಿರಬಹುದು ಎಂದು ಡಾಕ್ಟರಮ್ಮ ಎಚ್ಚರಿಸಿದ್ದರು. ಹಾಗೇನೂ ಆಗಲಿಲ್ಲ. ನಡುಕ ನಿಂತಿತು. ಮಾತ್ರೆ ಬಿಟ್ಟ ಕೆಲವೇ ತಿಂಗಳಲ್ಲಿ ಎಲ್ಲವೂ ಮರಳಿ ಬಂತು.

ಆಮೇಲೆ ಉಳಿದದ್ದು ಶಸ್ತ್ರಚಿಕಿತ್ಸೆ, ಇಲ್ಲವೇ ವಿಕಿರಣದ ಅಯೋಡಿನ್. ಎರಡನೆಯದನ್ನು ಆರಿಸಿಕೊಂಡೆ. ಅದರ ತರ್ಕ ಸರಳ ಮತ್ತು ಕ್ರೂರ. ಅಯೋಡಿನ್ ಎಂದರೆ ಆ ಗ್ರಂಥಿಗೆ ಹಸಿವು, ಅದು ತಿನ್ನುವ ಅನ್ನಕ್ಕೇ ವಿಷ ಬೆರೆಸುವುದು. ಮನೆಯಲ್ಲಿ ಇಲಿಗೆ ಇಡುತ್ತೇವಲ್ಲ, ಹಾಗೆ. ಬಂಗಾರಪೇಟೆಯಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಒಂದು ಗುಳಿಗೆ ನುಂಗಿ ಬಂದೆ. ರುಚಿ ಇಲ್ಲ, ನೋವಿಲ್ಲ. ಆದರೆ ಸ್ವಲ್ಪ ದಿನ ನನ್ನ ಮೈಯೇ ಕಿರಣ ಸೂಸುತ್ತದೆ. ಆದ್ದರಿಂದ ಬೇರೆ ಮಲಗಬೇಕು, ತಟ್ಟೆ ಲೋಟ ಬೇರೆ ಇಟ್ಟುಕೊಳ್ಳಬೇಕು, ಮೂರು ವಾರ ಮಕ್ಕಳಿಂದ ಮತ್ತು ಬಸುರಿಯರಿಂದ ದೂರವಿರಬೇಕು. ಎಲ್ಲವನ್ನೂ ಅನುಮಾನಿಸುವ ನಾನು ಇದನ್ನು ಮಾತ್ರ ಅಕ್ಷರಶಃ ನಂಬಿದೆ. ದೂರ ಎಂದರೆ ಎಷ್ಟು, ಎಷ್ಟು ಹೊತ್ತು ಎಂದು ಕೇಳಲಿಲ್ಲ.

ನಮ್ಮದು ನಂದಿದುರ್ಗ ಗಣಿಯ ಲೈನ್ ಮನೆ, ಕೂಲಿಗಳಿಗೆಂದು ಗಣಿಯವರು ಸಾಲಾಗಿ ಕಟ್ಟಿಸಿದ್ದ ಒಂದೂವರೆ ಕೋಣೆ. ಅಲ್ಲಿ ಯಾರಿಂದಲೂ ಯಾರೂ ದೂರವಿರಲು ಆಗುವುದಿಲ್ಲ. ಹೆಂಡತಿ ಮಗಳನ್ನು ಕರೆದುಕೊಂಡು ತವರಿಗೆ ಹೋದಳು. ಬಂಗಾರಪೇಟೆಯ ಹತ್ತಿರದ ಹಳ್ಳಿ, ನಾಲ್ಕು ಹಸು ಕಟ್ಟಿ ಡೈರಿಗೆ ಹಾಲು ಹಾಕುವ ಮನೆ. ಪಕ್ಕದ ಮನೆಯ ತಮಿಳಮ್ಮ, ಮೇಷ್ಟ್ರಿಗೆ ವಾದ್ಯಾರ್ ಎನ್ನುವವಳು, ನನಗೆ ಹೊಸ್ತಿಲ ಆಚೆ ಊಟ ಇಟ್ಟು ಹೋಗುತ್ತಿದ್ದಳು. ಚಿನ್ನ ತೆಗೆದು ಉಳಿದ ಅದಿರಿನ ಪುಡಿ ಸುರಿದು ಬೆಳೆದ, ಊರ ಬದಿಯ ಸೈನೈಡ್ ಗುಡ್ಡದಿಂದ ಗಾಳಿಗೆ ಬಿಳಿ ಧೂಳು ಎದ್ದ ದಿನ, ಸೆರಗಿನಿಂದ ಮೂಗು ಮುಚ್ಚಿಕೊಂಡು ಕೇಳಿದಳು: "ಏನ್ ವಾದ್ಯಾರೇ, ಈ ಊರಿಗೆ ಆ ಗುಡ್ಡ ಸಾಲ್ದು ಅಂತ ನೀನೂ ವೆಷ ಆದ್ಯಾ?"

ಹತ್ತನೆಯ ದಿನ ಅತ್ತೆ ಫೋನು ಮಾಡಿದರು.

"ನಾಳೀಕ್ ಅನ್ನೊಂದು. ನಾವ್ ಬತ್ತೀವಿ. ತಲೆಗ್ ನೀರಾಕ್ಕೊಂಡು ರೆಡಿಯಾಗಿರು."

"ಇದು ಸೂತಕ ಅಲ್ಲ ಅತ್ತೆ. ಡಾಕ್ಟ್ರು ಮೂರು ವಾರ ಅಂದಿದಾರೆ."

"ತಟ್ಟೆ ಬ್ಯಾರೆ, ಚಾಪೆ ಬ್ಯಾರೆ, ಯಾರೂ ಮುಟ್ಟಂಗಿಲ್ಲ. ಸೂತಕ ಅಲ್ದೆ ಇನ್ನೇನಪ್ಪಾ ಅದು? ಸತ್ತೋರ್ ಮನೇನೇ ಅನ್ನೊಂದಕ್ಕೆ ಸುದ್ದ ಆಗ್ತದೆ. ನೀನಿನ್ನೂ ಬದ್ಕಿದೀಯ."

ಬೇಡ ಎಂದು ಹೇಳಿದೆ, ಅಥವಾ ಹೇಳಿದೆ ಎಂದು ನನ್ನ ನೆನಪು. ಸರಿ ಅಂದೆ ಎನ್ನುತ್ತಾಳೆ ಹೆಂಡತಿ.

ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಮೂವರೂ ಓಣಿಯಲ್ಲಿದ್ದರು. ಅತ್ತೆಯ ಕೈಯಲ್ಲಿ ಕೂಲ್‌ಡ್ರಿಂಕ್ ಬಾಟಲಿ ತುಂಬ ಗಂಜಲ, ಮಾವಿನ ಸೊಪ್ಪು. ಮಗಳಿಗೆ ಹಬ್ಬದ ಫ್ರಾಕು ಹಾಕಿದ್ದರು. ಅವಳಿಗೆ ಯಾರೋ ಹೇಳಿಬಿಟ್ಟಿದ್ದರು, ಅಜ್ಜಿ ನೀರು ಹಾಕಿದ ಮೇಲೆ ಅಪ್ಪನ ತೊಡೆಯ ಮೇಲೆ ಕೂರಬಹುದು ಎಂದು.

"ಇನ್ನೂ ಹತ್ತು ದಿನ ಇದೆ. ಅವಳನ್ನು ಯಾಕೆ ಕರಕೊಂಡು ಬಂದ್ರಿ?"

"ಅದು ಡಾಕ್ಟ್ರ ಲೆಕ್ಕ," ಅಂದರು ಅತ್ತೆ. "ಅವರ್ ಮನೇಲಿ ಯಾರ್ ಸತ್ರೂ ಮಾರ್ನೇ ದಿನಾನೇ ಡೂಟಿಗ್ ಓಗ್ತಾರೆ. ಬಾಯ್ ಮುಚ್ಕೊಂಡು ತಲೆ ಬಗ್ಸು."

ಹೆಂಡತಿ ತಗ್ಗಿದ ದನಿಯಲ್ಲಿ, "ಅಮ್ಮ ಕೇಳಲ್ಲ. ಎರಡ್ ತೊಟ್ಟು ಆಕಿಸ್ಕೊ, ನಾವ್ ಒಂಟೋಗ್ತೀವಿ" ಅಂದಳು. ನಾನು ಚಪ್ಪಲಿ ಮೆಟ್ಟಿ ಓಣಿಗಿಳಿದು, ಮನೆಯ ಗೋಡೆಗೆ ಬೆನ್ನು ಕೊಟ್ಟು ತಲೆ ಬಗ್ಗಿಸಿದೆ. ಗಂಜಲ ನೆತ್ತಿಯಿಂದ ಕಣ್ಣಿಗಿಳಿದು ಉರಿಯಿತು. ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಮಗಳು ಅಮ್ಮನ ಕೈ ಕೊಸರಿಕೊಂಡು ಓಡಿ ಬಂದಳು, ಎರಡೂ ತೋಳು ಚಾಚಿ.

ಹಿಂದೆ ಗೋಡೆ. ಕೈಯಿಂದ ತಡೆಯುವಂತಿರಲಿಲ್ಲ. ಕೈಯ ಬೆವರಲ್ಲೇ ವಿಷವಿದೆ ಎಂದು ನನ್ನ ತಲೆಯಲ್ಲಿ ಕೂತಿತ್ತು. ಉಳಿದದ್ದು ಚಪ್ಪಲಿ ಹಾಕಿದ್ದ ಕಾಲು. ಅದನ್ನು ಎತ್ತಿದೆ. ಎತ್ತಿ ಹಾಗೇ ಹಿಡಿದಿದ್ದೆನೋ, ಮುಂದಕ್ಕೆ ನೂಕಿದೆನೋ, ನನಗೆ ಕಾಣುವುದು ಅವಳ ಎದೆಯ ಮೇಲೆ ನನ್ನ ಚಪ್ಪಲಿ ಮಾತ್ರ. ಅವಳು ಹಿಂದಕ್ಕೆ ಬಿದ್ದಳು, ಹೊರಳಿ ನಲ್ಲಿಕಟ್ಟೆಯ ಕಲ್ಲಿಗೆ ಬಾಯಿ ಬಡಿಸಿಕೊಂಡಳು. ಎದುರಿನ ಒಂದು ಹಾಲುಹಲ್ಲು ಮುರಿದಿತ್ತು.

ಆಗ ನಾನು ಮಾಡಿದ ಕೆಲಸದ ಬಗ್ಗೆ ನನಗೂ ಹೆಂಡತಿಗೂ ಭಿನ್ನಾಭಿಪ್ರಾಯವಿಲ್ಲ. ಗೋಡೆಗೆ ಒರಗಿ ನಿಂತು ಆಜ್ಞೆ ಕೊಡತೊಡಗಿದೆ: ಅವಳನ್ನು ಸೋಪು ಹಾಕಿ ತೊಳೆಯಿರಿ, ಮೊದಲು ಕೈ, ಆಮೇಲೆ ಎದೆ, ಫ್ರಾಕು ಬಿಚ್ಚಿ ದೂರ ಎಸೆಯಿರಿ. ಬಾಯಲ್ಲಿ ರಕ್ತ ಸುರಿಯುತ್ತಿದ್ದ ಮಗುವನ್ನು ಓಣಿಯ ಜನರೆದುರು ಬತ್ತಲೆ ನಿಲ್ಲಿಸಿ ಅತ್ತೆ ಸೋಪು ಉಜ್ಜಿದರು. ಉಜ್ಜುತ್ತಲೇ ಅಂದರು, "ಓದ್ಕೊಂಡೋನು. ನಾಯೀನೂ ತನ್ ಮರೀನ ಇಂಗ್ ಮಾಡಲ್ಲ."

ತಮಿಳಮ್ಮ ತನ್ನ ಮಕ್ಕಳನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕಿದಳು. ಮಧ್ಯಾಹ್ನ ಹೊಸ್ತಿಲಲ್ಲಿ ಊಟ ಇರಲಿಲ್ಲ.

ಮುಂದಿನ ತಪಾಸಣೆಗೆ ಹೋದಾಗ ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ, ಬೆನ್ನು ತಟ್ಟುತ್ತಾರೆ ಎಂಬ ಆಸೆಯಿಂದಲೇ ಇರಬೇಕು. ಅವರು ಬರೆಯುವುದನ್ನು ನಿಲ್ಲಿಸಿದರು.

"ಒಂದು ನಿಮಿಷ ತಬ್ಬಿಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ. ರಾತ್ರಿಯೆಲ್ಲ ಪಕ್ಕದಲ್ಲಿ ಮಲಗಿಸಿಕೊಳ್ಳಬೇಡಿ, ಗಂಟೆಗಟ್ಟಲೆ ಎತ್ತಿಕೊಂಡಿರಬೇಡಿ ಅಂತ ಅರ್ಥ. ಎಷ್ಟು ಹತ್ತಿರ, ಎಷ್ಟು ಹೊತ್ತು, ಎರಡೂ ಸೇರಿದರೆ ಲೆಕ್ಕ. ಕೇಳಬಹುದಿತ್ತಲ್ಲ ನೀವು."

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು.

"ಅಂಗಾದ್ರೆ ಅಮ್ಮನೇ ಸರಿ."

"ಸರಿ ಅಲ್ಲ. ಗಂಜಲಕ್ಕೂ ಇದಕ್ಕೂ ಸಂಬಂಧ ಇಲ್ಲ. ನಿಮ್ಮಮ್ಮ ತಪ್ಪು ಕಾರಣಕ್ಕೆ..."

"ನಿನ್ ಕಾರಣ ಇಟ್ಕೊಂಡು ನಾನೇನ್ ಮಾಡ್ಲಿ? ಅವಳ ಅಲ್ಲು ಓಗಿದ್ದು ಸರಿಯಾದ ಕಾರಣಕ್ಕಾ?"

ಈಗ ಗ್ರಂಥಿ ಹೆಚ್ಚುಕಡಿಮೆ ಸತ್ತಿದೆ. ಹೀಗಾಗುತ್ತದೆ ಎಂದು ಮೊದಲೇ ಹೇಳಿದ್ದರು. ನಡುವೆ ಕೆಲವು ತಿಂಗಳು ಮೈ ಊದಿ, ಬಿಸಿಲಲ್ಲೂ ಸ್ವೆಟರ್ ಹಾಕಿಕೊಂಡು, ಪಾಠದ ಮಧ್ಯೆ ರಾಜರ ಹೆಸರು ಮರೆತು ನಿಲ್ಲುತ್ತಿದ್ದೆ. ಈಗ ಅದು ಮಾಡಬೇಕಿದ್ದ ಕೆಲಸವನ್ನು ಒಂದು ಚಿಕ್ಕ ಮಾತ್ರೆ ಮಾಡುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ, ಬದುಕಿರುವವರೆಗೂ. ರಿಪೋರ್ಟು ಚೆನ್ನಾಗಿದೆ. ಕೈ ನಡುಗುವುದಿಲ್ಲ.

ಮೊನ್ನೆ ಸಂಜೆ ಬಾಗಿಲಲ್ಲಿ ಕೂತು ಬೇಯಿಸಿದ ಕಡಲೆಕಾಯಿ ಸುಲಿಯುತ್ತಿದ್ದೆ. ಮಗಳು ಕಟ್ಟೆಯ ಆ ತುದಿಯಲ್ಲಿ ಕೂತಿದ್ದಳು. ಬಾ ಎಂದೆ. ಬರಲಿಲ್ಲ.

"ನನ್ನ ಮೈಯಲ್ಲಿ ಈಗ ವಿಷ ಇಲ್ಲ ಪುಟ್ಟಿ. ಎಲ್ಲ ಹೋಯ್ತು."

"ನಿಂಗಲ್ಲಪ್ಪ," ಅಂದಳು, ತಿಳಿಯದವನಿಗೆ ತಿಳಿಸಿ ಹೇಳುವ ಹಾಗೆ. "ನಂಗಿರೋದು."

"ಯಾರು ಹಾಗಂದಿದ್ದು?"

"ಯಾರೂ ಇಲ್ಲ. ಎಲ್ರೂ ಸೇರಿ ತೊಳೆದಿದ್ದು ನನ್ನನ್ನಲ್ವಾ?"

ಸುಲಿದ ಕಾಳು ಹಿಡಿದು ಕೈ ಚಾಚಿದೆ. ತನ್ನ ವಿಷ ನನಗೆಲ್ಲಿ ತಾಗಿಬಿಡುತ್ತದೋ ಎಂದು ಅವಳು ಕಾಲು ಮಡಚಿಕೊಂಡು, ಜೋಪಾನವಾಗಿ, ಇನ್ನೂ ಸ್ವಲ್ಪ ಆಚೆ ಸರಿದಳು.